ಈಪರ್ ನಗರದ ಕೋಟೆಯನ್ನು ನಡೆದು ಓದುವ ಬಗೆ

ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್ ಪ್ರಾಂತ್ಯದಲ್ಲಿರುವ ಈಪರ್ ನಗರಕ್ಕೆ ಹೋದವರು ಸಾಮಾನ್ಯವಾಗಿ ರೈಲು ನಿಲ್ದಾಣದಿಂದ ನೇರವಾಗಿ ಮಾರುಕಟ್ಟೆ ಚೌಕಕ್ಕೆ ನಡೆಯುತ್ತಾರೆ. ಅಲ್ಲಿ ಎದ್ದು ನಿಂತಿರುವ ಜವಳಿ ಭವನವನ್ನೂ ಅದರ ಗಂಟೆಗೋಪುರವನ್ನೂ ಕಂಡು, ಮಧ್ಯಯುಗದ ಫ್ಲಾಂಡರ್ಸನ್ನು ಕಣ್ಣಾರೆ ನೋಡಿದೆವೆಂದು ಸಮಾಧಾನಪಟ್ಟುಕೊಂಡು ಮರಳುತ್ತಾರೆ. ಆದರೆ ಅವರು ನೋಡಿದ ಕಟ್ಟಡದ ಬಹುಪಾಲು ಮೊದಲನೆಯ ಮಹಾಯುದ್ಧದ ನಂತರ ಕಟ್ಟಿದ್ದು; ಆ ಕೆಲಸ ಪೂರ್ತಿಯಾದದ್ದು 1967ರಲ್ಲಿ. ನಿಜವಾಗಿ ಹಳೆಯದಾದದ್ದು ಊರಿನ ಅಂಚಿನಲ್ಲಿದೆ. ಮರಗಳು ಬೆಳೆದು, ಬೆಂಚುಗಳನ್ನು ಹಾಕಿಸಿಕೊಂಡು, ಮೇಲ್ನೋಟಕ್ಕೆ ಉದ್ಯಾನವನದಂತೆ ಕಾಣುವ ಆ ಉದ್ದನೆಯ ದಿಬ್ಬವೇ ಈಪರ್‌ನ ಕೋಟೆ. ಆದ್ದರಿಂದ ಈ ಊರಿನ ಚರಿತ್ರೆಯನ್ನು ತಿಳಿಯಬೇಕೆನ್ನುವವರು ಚೌಕವನ್ನು ಕೊನೆಗೆ ಇಟ್ಟುಕೊಂಡು, ಹೊರಗಿನಿಂದ ಒಳಕ್ಕೆ, ಕಂದಕದಿಂದ ಗೋಡೆಗೆ, ಗೋಡೆಯಿಂದ ಬೀದಿಗೆ ಬರುವುದು ಒಳ್ಳೆಯದು. ಹಾಗೆ ಮಾಡಲು ಅರ್ಧ ದಿನ ಸಾಕು. ಒಂದು ಇಡೀ ದಿನವಿದ್ದರೆ ಇನ್ನೂ ಉತ್ತಮ.

ನಕ್ಷೆ ಮೊದಲು, ನಡಿಗೆ ಆಮೇಲೆ

ಹೊರಡುವ ಮುನ್ನ ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು, ಇಂದಿನ ಯಾವುದಾದರೂ ನಕ್ಷೆ. ಇನ್ನೊಂದು, 1770ರ ದಶಕದಲ್ಲಿ ಆಸ್ಟ್ರಿಯದ ಆಳ್ವಿಕೆಯಲ್ಲಿ ಫೆರಾರಿಸ್ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ ಕೈಯಲ್ಲಿ ಬರೆದು ಬಣ್ಣ ಹಚ್ಚಿದ, ಇಂದಿನ ಬೆಲ್ಜಿಯಂನ ಬಹುಭಾಗವನ್ನು ಒಳಗೊಂಡ ಮಹಾನಕ್ಷೆ; ಇದು ಈಗ ಅಂತರ್ಜಾಲದಲ್ಲಿಯೂ ಲಭ್ಯವಿದೆ. ಹಳೆಯ ನಕ್ಷೆಗಳಲ್ಲಿ ಊರಿನ ಹೆಸರು ಫ್ರೆಂಚಿನಲ್ಲಿ ಈಪ್ರ್ ಎಂದೂ, ಇಂದಿನ ಫಲಕಗಳಲ್ಲಿ ಡಚ್ ಭಾಷೆಯಲ್ಲಿ ಈಪರ್ ಎಂದೂ ಇರುವುದನ್ನು ನೆನಪಿಟ್ಟುಕೊಂಡರೆ ಹುಡುಕಾಟ ಸುಲಭವಾಗುತ್ತದೆ. ಫೆರಾರಿಸ್ ನಕ್ಷೆಯಲ್ಲಿ ಊರಿನ ಸುತ್ತ ಚೂಪು ಮೂಲೆಗಳ ನಕ್ಷತ್ರದಂತಹ ರೇಖೆ ಕಾಣುತ್ತದೆ. ಇಂದಿನ ನಕ್ಷೆಯಲ್ಲಿ ಆ ನಕ್ಷತ್ರದ ದಕ್ಷಿಣ ಮತ್ತು ಪೂರ್ವದ ಅಂಚುಗಳು ಮಾತ್ರ ನೀರು ಮತ್ತು ಹಸಿರಿನ ಪಟ್ಟಿಯಾಗಿ ಉಳಿದಿವೆ. ಬೆಲ್ಜಿಯಂ ಸ್ವತಂತ್ರವಾದ ಮೇಲೆ, ರೈಲು ಬಂದ 1850ರ ದಶಕದಲ್ಲಿ, ನಿಲ್ದಾಣದ ಕಡೆಯ ಗೋಡೆಗಳನ್ನು ಕೆಡವಿಹಾಕಿದರು. ಹೀಗಾಗಿ ರೈಲಿನಿಂದ ಇಳಿದವರು ಕೋಟೆ ಇಲ್ಲದ ಬದಿಯಿಂದಲೇ ಊರನ್ನು ಪ್ರವೇಶಿಸುತ್ತಾರೆ. ಕೋಟೆಯೇ ಇರಲಿಲ್ಲವೇನೋ ಎಂಬ ಭ್ರಮೆ ಹುಟ್ಟುವುದು ಇದರಿಂದಲೇ.

ನಕ್ಷೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ನೆಲದ ಏರಿಳಿತ. ಈಪರ್ ತಗ್ಗಿನಲ್ಲಿದೆ. ಊರಿನ ಪೂರ್ವಕ್ಕೂ ದಕ್ಷಿಣಕ್ಕೂ ಮೆಸೀನ್‌ನಿಂದ ಪಾಶೆಂಡಾಲೆಯವರೆಗೆ ಕಮಾನಿನಂತೆ ಬಾಗಿದ ತಗ್ಗುದಿಣ್ಣೆಗಳ ಸಾಲಿದೆ. ಇವುಗಳ ಎತ್ತರ ಊರಿನ ನೆಲಕ್ಕಿಂತ ಕೆಲವೇ ಹತ್ತು ಮೀಟರ್‌ಗಳಷ್ಟು ಹೆಚ್ಚು. ಬೆಟ್ಟ ಕಂಡವರು ಇವನ್ನು ದಿಣ್ಣೆ ಎನ್ನಲೂ ಹಿಂಜರಿಯಬಹುದು. ಆದರೆ ಸಮತಟ್ಟಾದ ಫ್ಲಾಂಡರ್ಸ್‌ನಲ್ಲಿ ಅಷ್ಟು ಎತ್ತರ ಸಿಕ್ಕವನಿಗೆ ಇಡೀ ಊರು ಕಣ್ಣಳತೆಯಲ್ಲಿರುತ್ತದೆ. ಮೂರನೆಯದು ನೀರು. ನೆಲದಡಿಯ ಜೇಡಿಮಣ್ಣು ನೀರನ್ನು ಇಂಗಗೊಡುವುದಿಲ್ಲ. ಮಧ್ಯಯುಗದಲ್ಲಿ ಊರಿನ ಹೊರಗೆ ಜಿಲ್ಲೆಬೇಕೆ ಮತ್ತು ಡಿಕ್ಕೆಬುಸ್ ಎಂಬಲ್ಲಿ ಕೆರೆಗಳನ್ನು ಕಟ್ಟಿ ಊರಿಗೆ ನೀರು ತಂದರು. ಮುಂದೆ ಕಂದಕಗಳನ್ನು ತುಂಬಲು ಒದಗಿದ್ದೂ ಈ ನೀರೇ. ನೀರು, ಜೇಡಿಮಣ್ಣು, ಪೂರ್ವದ ದಿಣ್ಣೆ ಈ ಮೂರನ್ನೂ ನೆನಪಿನಲ್ಲಿಟ್ಟುಕೊಂಡು ನಡೆದರೆ, 1383ರಿಂದ 1918ರವರೆಗೆ ಈ ಊರಿಗೆ ಒದಗಿದ ಮುತ್ತಿಗೆಗಳಲ್ಲಿ ಹೆಚ್ಚಿನವು ತಾವಾಗಿಯೇ ಅರ್ಥವಾಗುತ್ತಾ ಹೋಗುತ್ತವೆ.

ದುಂಡು ಬುರುಜನ್ನೂ ಚೂಪು ಬುರುಜನ್ನೂ ಗುರುತಿಸುವುದು

ನಿಲ್ದಾಣದಿಂದ ದಕ್ಷಿಣಕ್ಕೆ ತಿರುಗಿದರೆ ಕೆಲವೇ ನಿಮಿಷಗಳಲ್ಲಿ ಕೋಟೆಯ ಮೇಲಿನ ಕಾಲುದಾರಿ ಸಿಗುತ್ತದೆ. ಅಲ್ಲಿಂದ ಲೀಲ್ ಗೇಟ್ ದಾಟಿ ಮೆನಿನ್ ಗೇಟಿನ ಕಡೆಗೆ ನಡೆಯುವುದು ಎರಡೂವರೆ ಕಿಲೋಮೀಟರ್‌ನ ಆಸುಪಾಸು. ದಾರಿಯಲ್ಲಿ ವಿವರಣೆಯ ಫಲಕಗಳಿವೆ. ಅವುಗಳನ್ನು ಓದುವುದಕ್ಕಿಂತ ಮೊದಲು ಗೋಡೆಯ ಆಕಾರವನ್ನು ನೋಡಿ ತಾನೇ ಊಹಿಸುವ ಅಭ್ಯಾಸ ಮಾಡಿಕೊಂಡರೆ ಹೆಚ್ಚು ಫಲವಿದೆ ಎಂಬುದು ನನ್ನ ಅಭಿಪ್ರಾಯ.

ಆಕಾರದಿಂದ ಕಾಲವನ್ನು ಹೇಳುವುದು ಕಷ್ಟವಲ್ಲ. ಗೋಡೆಯಿಂದ ಅರ್ಧವೃತ್ತವಾಗಿ ಮುಂದಕ್ಕೆ ಚಾಚಿದ ಗೋಪುರ ಕಂಡರೆ ಅದು ಆಗ ಫ್ಲಾಂಡರ್ಸನ್ನು ಆಳುತ್ತಿದ್ದ ಬರ್ಗಂಡಿಯ ಡ್ಯೂಕರ ಕಾಲದ್ದು, ಎಂದರೆ 14ನೇ ಶತಮಾನದ ಕೊನೆಯ ಭಾಗದ್ದು. ಬಿಲ್ಲುಗಾರರ ಕಾಲದಲ್ಲಿ ದುಂಡು ಗೋಪುರ ಸಾಕಾಗುತ್ತಿತ್ತು. ಆದರೆ ಅದಕ್ಕೊಂದು ಕೊರತೆ ಇತ್ತು: ಗೋಪುರದ ನೇರ ಮುಂದಿನ ಪಾದದ ಬಳಿ ಒಂದಿಷ್ಟು ಜಾಗ ಪಕ್ಕದ ಗೋಡೆಗಳ ಮೇಲಿರುವ ಕಾವಲುಗಾರರಿಗೆ ಕಾಣುವುದಿಲ್ಲ. ಶತ್ರು ಅಲ್ಲಿಯವರೆಗೆ ಬಂದುಬಿಟ್ಟರೆ ನಿಶ್ಚಿಂತೆಯಿಂದ ಗೋಡೆಯನ್ನು ತೋಡಬಹುದು. ಫಿರಂಗಿಗಳು ಬಂದ ಮೇಲೆ ಇಟಲಿಯ ಶಿಲ್ಪಿಗಳು ಇದಕ್ಕೆ ರೇಖಾಗಣಿತದ ಪರಿಹಾರ ಕಂಡುಕೊಂಡರು. ಗೋಪುರದ ಬದಲು ಬಾಣದ ಮೊನೆಯಂತೆ ಚೂಪಾದ ಐದು ಮೂಲೆಗಳ ಬುರುಜನ್ನು ಕಟ್ಟಿದರೆ, ಅದರ ಎರಡೂ ಮುಖಗಳು ಪಕ್ಕದ ಬುರುಜುಗಳ ಗುಂಡಿನ ನೇರಕ್ಕೆ ಬರುತ್ತವೆ. ಎಲ್ಲಿಯೂ ಮರೆ ಉಳಿಯುವುದಿಲ್ಲ.

ಇದನ್ನು ಪರೀಕ್ಷಿಸಲು ಈಪರ್‌ನಲ್ಲಿ ಒಳ್ಳೆಯ ಅವಕಾಶವಿದೆ. ದಕ್ಷಿಣದ ಗೋಡೆಯ ಮೇಲೆ ಯಾವುದಾದರೂ ಬುರುಜಿನ ಒಳಮೂಲೆಯಲ್ಲಿ, ಅದು ಉದ್ದಗೋಡೆಯನ್ನು ಸೇರುವ ಜಾಗದಲ್ಲಿ ನಿಂತು, ಗೋಡೆಯ ಗುಂಟ ಮುಂದಿನ ಬುರುಜಿನತ್ತ ದೃಷ್ಟಿ ಹಾಯಿಸಬೇಕು. ಇಟ್ಟಿಗೆಯ ಮೈ, ಅದರ ಬುಡದ ನೀರು, ಎದುರಿನ ಬುರುಜಿನ ಓರೆಮುಖ ಎಲ್ಲವೂ ಒಂದೇ ನೋಟದಲ್ಲಿ ಸಿಗುತ್ತವೆ. ಫಿರಂಗಿಯನ್ನು ಇಟ್ಟಿರುತ್ತಿದ್ದುದು ಇಂಥ ಜಾಗದಲ್ಲಿಯೇ. ಗೋಡೆಯ ಎತ್ತರ ಹೆಚ್ಚಿಲ್ಲದಿರುವುದನ್ನೂ ಗಮನಿಸಬೇಕು. ಎತ್ತರದ ಗೋಡೆ ಫಿರಂಗಿಗೆ ಸುಲಭದ ಗುರಿ. ಆದ್ದರಿಂದ ಗೋಡೆಯನ್ನು ತಗ್ಗಿಸಿ, ದಪ್ಪವಾಗಿಸಿ, ಇಟ್ಟಿಗೆಯ ಹೊದಿಕೆಯ ಹಿಂದೆ ಮಣ್ಣನ್ನು ರಾಶಿ ಹಾಕುತ್ತಿದ್ದರು. ಗುಂಡು ಇಟ್ಟಿಗೆಯನ್ನು ಒಡೆದರೂ ಮಣ್ಣು ಅದನ್ನು ನುಂಗಿಕೊಳ್ಳುತ್ತಿತ್ತು. ಕಂದಕದ ನಡುವೆ ಅಲ್ಲಲ್ಲಿ ತ್ರಿಕೋನದಂತಹ ದ್ವೀಪಗಳು ಕಾಣುತ್ತವೆ. ಇವು ಅಲಂಕಾರಕ್ಕೆ ಬಿಟ್ಟ ನಡುಗಡ್ಡೆಗಳಲ್ಲ; ಮುಖ್ಯ ಗೋಡೆಗೆ ಶತ್ರು ತಲುಪುವ ಮೊದಲೇ ಅವನನ್ನು ತಡೆಯಲು ಕಟ್ಟಿದ ಹೊರಕೋಟೆಯ ತುಣುಕುಗಳು.

ಚೂಪು ಬುರುಜುಗಳ ವ್ಯವಸ್ಥೆಗೆ ಇಲ್ಲಿ ಅಂತಿಮ ರೂಪ ಕೊಟ್ಟವನು ಫ್ರಾನ್ಸಿನ ರಾಜ 14ನೇ ಲೂಯಿಯ ಸೇನಾ ಎಂಜಿನಿಯರ್ ವೋಬಾನ್. 1678ರ ಮಾರ್ಚ್ ತಿಂಗಳಲ್ಲಿ ರಾಜ ಸ್ವತಃ ಬಂದು ನಿಂತ ಮುತ್ತಿಗೆಯಲ್ಲಿ ಆಗ ಊರನ್ನು ಹಿಡಿದಿದ್ದ ಸ್ಪೇನಿನ ಕಾವಲು ಪಡೆ ಎರಡು ವಾರವೂ ತಾಳಲಿಲ್ಲ. ಅದೇ ವರ್ಷದ ನೈಮೇಖನ್ ಒಪ್ಪಂದದಲ್ಲಿ ಊರು ಫ್ರಾನ್ಸಿಗೆ ಖಾಯಂ ಆಯಿತು. ಕೋಟೆಯನ್ನು ಹೇಗೆ ಒಡೆಯಬಹುದೆಂದು ಚೆನ್ನಾಗಿ ಬಲ್ಲವನೇ ಅದನ್ನು ಮತ್ತೆ ಕಟ್ಟಲು ತೊಡಗಿದ. ಅವನು ಕಟ್ಟಿದ ಕೋಟೆ ಪೂರ್ತಿಯಾಗಿ ಹೇಗಿತ್ತೆಂದು ನೋಡಬೇಕಾದರೆ ಗಡಿ ದಾಟಿ ಫ್ರಾನ್ಸಿನ ಲೀಲ್ ನಗರದ ಲಲಿತಕಲಾ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ರಾಜನಿಗಾಗಿ 1700ರ ಆಸುಪಾಸಿನಲ್ಲಿ 1:600 ಅಳತೆಯಲ್ಲಿ ಮಾಡಿದ ಈಪರ್‌ನ ಮರದ ಪ್ರತಿಕೃತಿ ಅಲ್ಲಿದೆ. ಮನೆ, ಮರ, ಬುರುಜು, ಕಂದಕ ಎಲ್ಲವನ್ನೂ ಒಳಗೊಂಡ ಆ ಪ್ರತಿಕೃತಿಯನ್ನು ಸಾಧ್ಯವಾದರೆ ಈಪರ್‌ಗೆ ಹೋಗುವ ಹಿಂದಿನ ದಿನವೇ ನೋಡಿಕೊಳ್ಳುವುದು ಲೇಸು.

ಗೋಡೆ ಯಾರದು, ಶತ್ರು ಯಾರು

ಈಪರ್‌ನ ಚರಿತ್ರೆ ಓದುವವರನ್ನು ದಣಿಸುವುದು ಒಡೆಯರ ಬದಲಾವಣೆ. ಎಲ್ಲ ಒಪ್ಪಂದಗಳನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಪ್ರತಿ ಘಟ್ಟದಲ್ಲಿಯೂ ಗೋಡೆಯ ಒಳಗೆ ಯಾರಿದ್ದರು, ಹೊರಗಿನಿಂದ ಯಾರು ಬಂದರು ಎಂಬುದನ್ನಷ್ಟೇ ಬರೆದುಕೊಂಡರೆ ಸಾಕು.

ಮೊದಲ ದೊಡ್ಡ ಘಟ್ಟ 1383. ಅಷ್ಟರೊಳಗೆ ಈಪರ್ ಇಂಗ್ಲೆಂಡಿನ ಉಣ್ಣೆಯನ್ನು ತರಿಸಿ, ನೇಯ್ದು, ಯೂರೋಪಿನಾದ್ಯಂತ ಮಾರಿ ಶ್ರೀಮಂತವಾಗಿದ್ದ ನೇಕಾರರ ಊರು; 1304ರ ಹೊತ್ತಿಗೆ ಪೂರ್ಣಗೊಂಡ ಜವಳಿ ಭವನವೇ ಅದಕ್ಕೆ ಸಾಕ್ಷಿ. ನೇಕಾರರು ಬಹುಸಂಖ್ಯೆಯಲ್ಲಿ ಗೋಡೆಯ ಹೊರಗಿನ ಕೇರಿಗಳಲ್ಲಿ ವಾಸವಾಗಿದ್ದರು. ಕ್ರೈಸ್ತ ಜಗತ್ತಿನಲ್ಲಿ ಇಬ್ಬರು ಪೋಪರು ಪೈಪೋಟಿ ನಡೆಸುತ್ತಿದ್ದ ಆ ಕಾಲದಲ್ಲಿ, ನಾರಿಚ್‌ನ ಬಿಷಪ್ ಹೆನ್ರಿ ಡೆಸ್ಪೆನ್ಸರ್ ಧರ್ಮಯುದ್ಧದ ಹೆಸರಿನಲ್ಲಿ ಇಂಗ್ಲಿಷ್ ಸೇನೆಯನ್ನು ಕರೆತಂದು, ಗೆಂಟ್ ನಗರದವರನ್ನು ಜೊತೆಗೂಡಿಸಿಕೊಂಡು ಈಪರ್‌ಗೆ ಮುತ್ತಿಗೆ ಹಾಕಿದ. ಉಣ್ಣೆ ಕಳಿಸುತ್ತಿದ್ದ ದೇಶದಿಂದಲೇ ಸೇನೆಯೂ ಬಂದಿತ್ತು. ಮಣ್ಣಿನ ದಿಬ್ಬ, ಮರದ ಬೇಲಿ, ಮುಳ್ಳಿನ ಪೊದೆಗಳ ಹಿಂದೆ ನಿಂತು ಊರಿನವರು ಸುಮಾರು ಎರಡು ತಿಂಗಳು ಹೋರಾಡಿದರು. ಫ್ರೆಂಚ್ ಸೇನೆ ಸಮೀಪಿಸುತ್ತಿದೆಯೆಂಬ ಸುದ್ದಿಯ ನಡುವೆ ಮುತ್ತಿಗೆ ತೆರವಾಯಿತು. ಊರು ಉಳಿಯಿತು, ಹೊರಗಿನ ಕೇರಿಗಳು ನಾಶವಾದವು, ನೇಕಾರಿಕೆ ಮತ್ತೆಂದೂ ಮೊದಲಿನ ಸ್ಥಿತಿಗೆ ಮರಳಲಿಲ್ಲ. ಬರ್ಗಂಡಿಯ ಡ್ಯೂಕ್ ಧೀರ ಫಿಲಿಪ್‌ನ ಆಳ್ವಿಕೆಯಲ್ಲಿ ಎದ್ದ ದುಂಡು ಗೋಪುರಗಳ ಗೋಡೆ ಆ ಮುತ್ತಿಗೆಯ ನೇರ ಫಲ. ಕಳೆದುಹೋದ ಕೇರಿಗಳನ್ನು ಅದು ಒಳಗೆ ಸೇರಿಸಿಕೊಳ್ಳಲಿಲ್ಲ ಎಂಬುದನ್ನು ಗಮನಿಸಿದರೆ, ಕುಗ್ಗಿದ ಊರಿನ ಅಳತೆಯೂ ಸಿಗುತ್ತದೆ.

16ನೇ ಶತಮಾನದ ಧಾರ್ಮಿಕ ಕಲಹಗಳನ್ನು ಇಲ್ಲಿ ಬೇಗ ದಾಟಬಹುದು: 1578ರಲ್ಲಿ ಪ್ರಾಟೆಸ್ಟಂಟರ ಕ್ಯಾಲ್ವಿನ್ ಪಂಥದವರ ವಶವಾದ ಊರನ್ನು 1584ರಲ್ಲಿ ಸ್ಪೇನಿನ ಪರವಾಗಿ ಪಾರ್ಮಾದ ಅಲೆಸಾಂಡ್ರೋ ಫಾರ್ನೇಸೆ ಮರಳಿ ಪಡೆದ. 17ನೇ ಶತಮಾನದ ಮಧ್ಯದಲ್ಲಿ ಊರು ಫ್ರಾನ್ಸ್ ಮತ್ತು ಸ್ಪೇನ್‌ಗಳ ನಡುವೆ ಕೈಯಿಂದ ಕೈಗೆ ಹೋಯಿತು. 1648ರಲ್ಲಿ ಫ್ರೆಂಚರು ಗೆದ್ದರು, ಮರುವರ್ಷವೇ ಸ್ಪೇನಿನವರು ಹಿಂಪಡೆದರು, 1658ರಲ್ಲಿ ಮತ್ತೆ ಫ್ರೆಂಚರು ಗೆದ್ದು 1659ರ ಒಪ್ಪಂದದಂತೆ ಬಿಟ್ಟುಕೊಟ್ಟರು. 1678ರ ಕಥೆ ಮೇಲೆ ಬಂದಿದೆ.

ಹೆಚ್ಚು ಸ್ವಾರಸ್ಯವಿರುವುದು ಅದರ ಮುಂದಿನ ತಿರುವಿನಲ್ಲಿ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಫ್ರಾನ್ಸ್ ಈಪರನ್ನು ಕಳೆದುಕೊಂಡಿತು, ಊರು ಆಸ್ಟ್ರಿಯದ ಪಾಲಾಯಿತು. 1715ರ ತಡೆಗೋಡೆ ಒಪ್ಪಂದದ ಪ್ರಕಾರ ಆಸ್ಟ್ರಿಯದ ಈ ನೆಲದ ಕೋಟೆಯಲ್ಲಿ ಡಚ್ ಸೈನಿಕರು ಬೀಡುಬಿಟ್ಟರು. ಅವರ ಕೆಲಸ ಫ್ರಾನ್ಸನ್ನು ತಡೆಯುವುದು. ಫ್ರಾನ್ಸಿನ ರಕ್ಷಣೆಗೆಂದು ವೋಬಾನ್ ಕಟ್ಟಿದ ಬುರುಜುಗಳೇ ಫ್ರಾನ್ಸಿನ ವಿರುದ್ಧ ಕಾವಲು ನಿಂತವು, ಅದೂ ಒಬ್ಬರ ನೆಲದಲ್ಲಿ ಇನ್ನೊಬ್ಬರ ಸಿಪಾಯಿಗಳೊಂದಿಗೆ. ಇಂಥ ಏರ್ಪಾಡು ಬಾಳುವುದು ಕಷ್ಟ. 1744ರಲ್ಲಿ 15ನೇ ಲೂಯಿಯ ಸೇನೆ ಬಂದಾಗ ಕೋಟೆ ಬಿತ್ತು. ಊರು ಮತ್ತೆ ಆಸ್ಟ್ರಿಯದ ಕೈಸೇರಿದ ಮೇಲೆ ಅದರ ಚಕ್ರವರ್ತಿ ಎರಡನೆಯ ಜೋಸೆಫ್ 1780ರ ದಶಕದ ಆರಂಭದಲ್ಲಿ ಡಚ್ಚರನ್ನು ಕಳಿಸಿ, ಕೋಟೆಗಳನ್ನು ಕೆಡವಲು ಆಜ್ಞೆ ಮಾಡಿದ. ಹೀಗೆ ಬಲಗುಂದಿದ ಊರನ್ನು 1794ರ ಜೂನ್‌ನಲ್ಲಿ ಕ್ರಾಂತಿಕಾರಿ ಫ್ರಾನ್ಸಿನ ಸೇನೆ ಮುತ್ತಿಗೆ ಹಾಕಿ ಗೆದ್ದುಕೊಂಡಿತು. ನೆಪೋಲಿಯನ್ ಸೋತ ಮೇಲೆ ಡಚ್ಚರು ಮತ್ತೆ ಬಂದು ಕೋಟೆಯನ್ನು ದುರಸ್ತಿ ಮಾಡಿದರು. ನಡಿಗೆಯ ದಾರಿಯಲ್ಲಿ ಸಿಗುವ ಮದ್ದಿನ ಮನೆ ಅವರ ಕಾಲದ್ದು. 1830ರಲ್ಲಿ ಬೆಲ್ಜಿಯಂ ಹುಟ್ಟಿದ ಮೇಲೆ ಈ ಗೋಡೆಗೆ ಕಾಯುವ ಕೆಲಸ ಹೆಚ್ಚು ದಿನ ಉಳಿಯಲಿಲ್ಲ.

ಎರಡು ಬಾಗಿಲುಗಳ ನಡುವೆ

ದಕ್ಷಿಣದ ಲೀಲ್ ಗೇಟ್ ಊರಿನಲ್ಲಿ ಉಳಿದಿರುವ ಹಳೆಯ ಬಾಗಿಲು. ಸೇತುವೆಯ ಆಚೆ ದಡಕ್ಕೆ ಹೋಗಿ ನಿಂತು ನೋಡಿದರೆ ಎರಡು ಕಾಲಗಳು ಒಟ್ಟಿಗೆ ಕಾಣುತ್ತವೆ: ದಾರಿಯ ಎರಡು ಬದಿಗೆ ಬರ್ಗಂಡಿಯ ಕಾಲದ ದುಂಡು ಗೋಪುರಗಳು, ಅವುಗಳನ್ನು ಅಪ್ಪಿಕೊಂಡಂತೆ ಆಮೇಲಿನ ದಪ್ಪ ಮಣ್ಣುಗೋಡೆ. ಬಾಗಿಲ ಪಕ್ಕದ ಗೋಡೆಯ ಮೇಲೆಯೇ ಒಂದು ಚಿಕ್ಕ ಸೈನಿಕ ಸ್ಮಶಾನವಿದೆ. 1914ರ ನವೆಂಬರ್‌ನಲ್ಲಿ ಫ್ರೆಂಚ್ ಸೈನಿಕರು ಇದನ್ನು ಆರಂಭಿಸಿದರು. ಈಗ ಇಲ್ಲಿರುವುದು ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಇನ್ನೂರಕ್ಕೆ ತುಸು ಕಡಿಮೆ ಸಮಾಧಿಗಳು. ಕಂದಕದ ನೀರಿನ ಅಂಚಿಗೆ ಇಳಿಜಾರಾಗಿ ಸಾಲುಗೂಡಿದ ಈ ಬಿಳಿಗಲ್ಲುಗಳ ನಡುವೆ ನಿಂತಾಗ, 17ನೇ ಶತಮಾನದ ಬುರುಜು ಮತ್ತು 20ನೇ ಶತಮಾನದ ಯುದ್ಧ ಒಂದೇ ಮಣ್ಣಿನಲ್ಲಿರುವುದು ಸ್ಪಷ್ಟವಾಗುತ್ತದೆ.

ಮೊದಲನೆಯ ಮಹಾಯುದ್ಧದ ಕಥೆಯನ್ನು ಗೋಡೆಯ ಮೇಲಿಂದಲೇ ಓದಬೇಕೆಂದರೆ ಪೂರ್ವಕ್ಕೆ ಮುಖಮಾಡಿ ನಿಲ್ಲಬೇಕು. 1914ರ ಅಕ್ಟೋಬರ್ 7ರಂದು ಜರ್ಮನ್ ಪಡೆಯೊಂದು ಊರನ್ನು ಹೊಕ್ಕು ಮರುದಿನ ಹೊರಟುಹೋಯಿತು. ಅದರ ನಂತರ ನಾಲ್ಕು ವರ್ಷ ಜರ್ಮನರು ಈಪರನ್ನು ಹಿಡಿಯಲಾಗಲಿಲ್ಲ; ಪೂರ್ವದ ದಿಣ್ಣೆಗಳು ಹೆಚ್ಚಿನ ಕಾಲ ಅವರ ವಶದಲ್ಲಿದ್ದುದರಿಂದ ಊರು ಅವರ ಫಿರಂಗಿಗಳ ಕಣ್ಣೆದುರೇ ಇತ್ತು. 1914ರ ನವೆಂಬರ್ 22ರಂದು ಜವಳಿ ಭವನ ಹೊತ್ತಿ ಉರಿಯಿತು. 1915ರ ಏಪ್ರಿಲ್ 22ರ ಸಂಜೆ ಊರಿನ ಉತ್ತರದಲ್ಲಿ ಜರ್ಮನರು 150 ಟನ್‌ಗೂ ಹೆಚ್ಚು ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟರು. ಮೇ ತಿಂಗಳಲ್ಲಿ ಉಳಿದ ನಾಗರಿಕರನ್ನು ಊರಿನಿಂದ ಹೊರಗೆ ಕಳಿಸಲಾಯಿತು. 1917ರ ಜುಲೈ 31ರಿಂದ ನವೆಂಬರ್ 10ರವರೆಗೆ ನಡೆದ ಮೂರನೆಯ ಈಪರ್ ಕದನದಲ್ಲಿ ಬ್ರಿಟಿಷ್ ಸೇನೆ ಪಾಶೆಂಡಾಲೆಯ ದಿಣ್ಣೆಯನ್ನು ತಲುಪುವಷ್ಟರಲ್ಲಿ, ಹಿಂದೆ ಕಂದಕಗಳನ್ನು ಕಾಪಾಡಿದ್ದ ಅದೇ ಜೇಡಿಮಣ್ಣು, ಮಳೆ ಮತ್ತು ಗುಂಡುಗಳಿಂದ ಕಲಸಿ, ಮನುಷ್ಯರೂ ಕುದುರೆಗಳೂ ಮುಳುಗುವ ಕೆಸರಾಗಿತ್ತು.

ದೂರಗಾಮಿ ಫಿರಂಗಿಗಳ ಎದುರು ಹಳೆಯ ಕೋಟೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಊರಿನ ಮನೆಗಳನ್ನು ಅದು ಕಾಪಾಡಲಿಲ್ಲ ನಿಜ. ಆದರೆ ವೋಬಾನ್ ರಾಶಿ ಹಾಕಿಸಿದ ಮಣ್ಣಿನ ದಪ್ಪವೇ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು. ಗೋಡೆಯೊಳಗಿನ ಕಮಾನು ಕೋಣೆಗಳಲ್ಲಿ ಸೇನಾ ಕಚೇರಿಗಳೂ ಮಲಗುವ ಜಾಗಗಳೂ ನಡೆದವು. 1916ರಲ್ಲಿ ಬ್ರಿಟಿಷ್ ಸೈನಿಕರು ಅಲ್ಲಿಯೇ ಹಳೆಯ ಮುದ್ರಣಯಂತ್ರವೊಂದರಲ್ಲಿ ವಿನೋದದ ಪತ್ರಿಕೆಯನ್ನೂ ಅಚ್ಚು ಹಾಕಿದರು. ಮೆನಿನ್ ಗೇಟಿನ ಸಮೀಪದ ಕೋಣೆಗಳ ಬಾಗಿಲುಗಳನ್ನು ಊರಿನ ಒಳಬದಿಯ ಬೀದಿಯಿಂದ ನೋಡಬಹುದು. ಗೋಡೆಯ ಮೇಲೆ ಮಾತ್ರ ನಡೆದವರಿಗೆ ಇವು ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಕೆಳಗಿಳಿದು ಹಿಂದಿನಿಂದಲೂ ಗೋಡೆಯನ್ನು ನೋಡಲೇಬೇಕು.

ಮೆನಿನ್ ಗೇಟ್ ಎಂದು ಇಂದು ಕಾಣುವ ಭಾರಿ ಕಮಾನು ಕೋಟೆಯ ಬಾಗಿಲಲ್ಲ. 1914ರಲ್ಲಿ ಇಲ್ಲಿದ್ದದ್ದು ಗೋಡೆಯನ್ನು ಸೀಳಿ ಮಾಡಿದ ದಾರಿ, ಅದರ ಎರಡು ಬದಿಗೆ ಒಂದೊಂದು ಕಲ್ಲಿನ ಸಿಂಹ. ಆ ಸಿಂಹಗಳನ್ನು 1936ರಲ್ಲಿ ಊರಿನವರು ಆಸ್ಟ್ರೇಲಿಯಕ್ಕೆ ಕೊಟ್ಟರು; ಅವು ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ. ರೆಜಿನಾಲ್ಡ್ ಬ್ಲೋಮ್‌ಫೀಲ್ಡ್ ವಿನ್ಯಾಸ ಮಾಡಿದ ಇಂದಿನ ಕಮಾನು 1927ರ ಜುಲೈ 24ರಂದು ಅನಾವರಣಗೊಂಡಿತು. ದೇಹವೇ ಸಿಗದ, ಗುರುತಿನ ಸಮಾಧಿಯಿಲ್ಲದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳು ಇದರ ಗೋಡೆಗಳಲ್ಲಿವೆ. ಅಷ್ಟು ದೊಡ್ಡ ಕಟ್ಟಡದಲ್ಲಿಯೂ ಎಲ್ಲ ಹೆಸರುಗಳಿಗೆ ಜಾಗ ಸಾಲದೆ, 1917ರ ಆಗಸ್ಟ್ ಮಧ್ಯಭಾಗದ ನಂತರ ಕಾಣೆಯಾದ ಬ್ರಿಟನ್ನಿನ ಸೈನಿಕರ ಹೆಸರುಗಳನ್ನು ಪಾಶೆಂಡಾಲೆ ಬಳಿಯ ಟೈನ್ ಕಾಟ್ ಸ್ಮಶಾನದ ಗೋಡೆಗೆ ಒಯ್ಯಬೇಕಾಯಿತು.

ಹೆಸರುಗಳನ್ನು ಓದುವ ಕ್ರಮ ಹೀಗಿದೆ: ಮೊದಲು ರೆಜಿಮೆಂಟು, ಅದರೊಳಗೆ ದರ್ಜೆ, ದರ್ಜೆಯೊಳಗೆ ಅಕ್ಷರಾನುಕ್ರಮ. ಈ ಕ್ರಮ ತಿಳಿಯದೆ ಹುಡುಕುವುದು ವ್ಯರ್ಥ. ಭಾರತೀಯ ಸೇನೆಯ ಹೆಸರುಗಳೂ ಇಲ್ಲಿ ನಾನೂರಕ್ಕಿಂತ ಹೆಚ್ಚಿವೆ. ಲಾಹೋರ್ ಡಿವಿಜನ್ನಿನ ತುಕಡಿಗಳು 1914ರ ಅಕ್ಟೋಬರ್ ಕೊನೆಯಲ್ಲಿಯೇ ಇಲ್ಲಿನ ಯುದ್ಧರಂಗದ ಟ್ರೆಂಚುಗಳಿಗೆ ಇಳಿದಿದ್ದವು. ಊರಿನ ಆಗ್ನೇಯಕ್ಕಿರುವ ಹೊಲ್ಲೆಬೇಕೆಯಲ್ಲಿ ಅಕ್ಟೋಬರ್ 31ರಂದು ತೋರಿದ ಶೌರ್ಯಕ್ಕಾಗಿ ಸಿಪಾಯಿ ಖುದಾದಾದ್ ಖಾನ್‌ಗೆ ವಿಕ್ಟೋರಿಯಾ ಕ್ರಾಸ್ ಬಂತು. ಅನಿಲ ದಾಳಿಯ ನಂತರ, 1915ರ ಏಪ್ರಿಲ್ 26ರಂದು, ಅದೇ ಡಿವಿಜನ್ ಊರಿನ ಈಶಾನ್ಯದಲ್ಲಿ ಬಯಲಿನ ಮೇಲೆ ಮುನ್ನುಗ್ಗಿ ಅಪಾರ ಸಾವುನೋವು ಅನುಭವಿಸಿತು. ಜಮಾದಾರ್ ಮೀರ್ ದಸ್ತ್ ಅದೇ ಪದಕವನ್ನು ಪಡೆದದ್ದು ಆ ದಿನದ ಸಾಹಸಕ್ಕೆ. ಕಮಾನಿನ ಪಕ್ಕದ ಮೆಟ್ಟಿಲೇರಿ ಕೋಟೆಯ ಮೇಲಕ್ಕೆ ಬಂದರೆ ಭಾರತೀಯ ಸೈನಿಕರ ಪ್ರತ್ಯೇಕ ಸ್ಮಾರಕವೂ ಸಿಗುತ್ತದೆ. ಕಮಾನಿನ ಒಳಗಷ್ಟೇ ಸುತ್ತಾಡಿ ಹೋಗುವವರಿಗೆ ಅದು ತಪ್ಪಿಹೋಗುತ್ತದೆ.

ಪ್ರತಿದಿನ ರಾತ್ರಿ 8 ಗಂಟೆಗೆ ಕಮಾನಿನ ಕೆಳಗೆ ಸಂಚಾರವನ್ನು ನಿಲ್ಲಿಸಿ ಕಹಳೆ ಊದುತ್ತಾರೆ. 1928ರಲ್ಲಿ ಆರಂಭವಾದ ಈ ಪದ್ಧತಿ ಎರಡನೆಯ ಮಹಾಯುದ್ಧದ ಜರ್ಮನ್ ಆಡಳಿತದಲ್ಲಿ ನಿಂತು, 1944ರ ಸೆಪ್ಟೆಂಬರ್ 6ರಂದು ಪೋಲೆಂಡಿನ ಸೇನಾ ಡಿವಿಜನ್ ಊರನ್ನು ಬಿಡಿಸಿದ ಸಂಜೆಯೇ ಮತ್ತೆ ಶುರುವಾಯಿತು. ಹತ್ತಿರದಿಂದ ನೋಡಬೇಕೆನ್ನುವವರು ಮುಂಚಿತವಾಗಿ ಹೋಗಿ ನಿಲ್ಲಬೇಕು, ಏಕೆಂದರೆ ಜನ ಬಹಳ ಸೇರುತ್ತಾರೆ.

ಕೊನೆಗೆ ಚೌಕ

ಮೆನಿನ್ ಗೇಟಿನಿಂದ ಚೌಕಕ್ಕೆ ಕೆಲವೇ ನಿಮಿಷಗಳ ನಡಿಗೆ. ಯುದ್ಧ ಮುಗಿದಾಗ ಇಲ್ಲಿ ಒಂದು ಮನೆಯೂ ಇಡಿಯಾಗಿ ಉಳಿದಿರಲಿಲ್ಲ. ಹಾಳುಬಿದ್ದ ಊರನ್ನು ಸ್ಮಾರಕವಾಗಿ ಹಾಗೆಯೇ ಉಳಿಸಬೇಕೆಂದು ಚರ್ಚಿಲ್ ಅವರಂಥವರು ಬಯಸಿದ್ದರು. ಮರಳಿ ಬಂದ ಊರಿನವರಿಗೆ ಮಾತ್ರ ಮನೆ ಬೇಕಾಗಿತ್ತು. ನಗರದ ವಾಸ್ತುಶಿಲ್ಪಿ ಯೂಲ್ಸ್ ಕೋಮಾನ್ಸ್ ಹಳೆಯ ರೂಪದಲ್ಲಿಯೇ ಊರನ್ನು ಮತ್ತೆ ಕಟ್ಟುವ ಪಕ್ಷ ವಹಿಸಿದರು, ಅವರ ಮಾತೇ ನಡೆಯಿತು. ಜವಳಿ ಭವನದ ಮುಂದೆ ನಿಂತಾಗ ಮೇಲಕ್ಕೆ ನೋಡುವ ಬದಲು ಗೋಡೆಯ ಕೆಳಭಾಗವನ್ನು ನೋಡಬೇಕು. ಅಲ್ಲಲ್ಲಿ ಸವೆದ, ಮೂಲೆ ಒಡೆದ, ಕಪ್ಪಾದ ಕಲ್ಲುಗಳಿವೆ. ಅವು ಹಳೆಯ ಕಟ್ಟಡದಿಂದ ಉಳಿದವು. ಅವುಗಳ ಮೇಲಿನ ನೇರ ಅಂಚಿನ ಹೊಸ ಕಲ್ಲುಗಳು ಎಲ್ಲಿಂದ ಆರಂಭವಾಗುತ್ತವೆಂದು ಕಣ್ಣಿನಿಂದ ಗೆರೆ ಎಳೆಯಲು ಪ್ರಯತ್ನಿಸಿದರೆ, ಭವನದ ಎಷ್ಟು ಭಾಗ ನೆಲಕ್ಕುರುಳಿತ್ತೆಂಬುದು ತಿಳಿಯುತ್ತದೆ. ಭವನದ ಒಳಗಿರುವ ಮಹಾಯುದ್ಧದ ವಸ್ತುಸಂಗ್ರಹಾಲಯಕ್ಕೆ ಹೋದವರು ಗಂಟೆಗೋಪುರವನ್ನೂ ಹತ್ತಬೇಕು. ಅಲ್ಲಿಂದ ಪೂರ್ವದ ದಿಣ್ಣೆ, ದಕ್ಷಿಣದ ಕಂದಕ, ಗೋಡೆ ಕೆಡವಿದ ನಿಲ್ದಾಣದ ಬದಿ ಈ ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಿ, ಕೈಯಲ್ಲಿರುವ ಫೆರಾರಿಸ್ ನಕ್ಷೆಯೊಂದಿಗೆ ಹೋಲಿಸಿಕೊಳ್ಳಬಹುದು. ಸಮಯ ಉಳಿದಿದ್ದರೆ ಬಾಡಿಗೆ ಸೈಕಲ್ಲಿನಲ್ಲಿ ಡಿಕ್ಕೆಬುಸ್ ಕೆರೆಗೆ ಹೋಗಿಬರಬೇಕು. ಊರಿಗೆ ಹರಿಯುವ ನೀರನ್ನು ಹಿಡಿದು ಬಿಡಲು ಫ್ರೆಂಚರ ಕಾಲದಲ್ಲಿ ಕಟ್ಟಿದ, ಇಂದಿಗೂ ವೋಬಾನ್‌ನ ಹೆಸರಿನಲ್ಲೇ ಕರೆಯುವ ಚಿಕ್ಕ ಗೋಪುರ ಆ ಕೆರೆಯ ದಡದಲ್ಲಿದೆ.